ಎಲ್ಲರಿಗೂ ಒಂದೇ ಗಣಕ ವ್ಯವಸ್ಥೆ: ಆರಿಸುವಾಗ ಏನು ನೋಡಬೇಕು?



ದ್ವಿತೀಯ ಪಿಯುಸಿ ಮುಗಿಸಿ ಪದವಿಗೆ ಸೇರುವಾಗ ನೀವು ಯುಯುಸಿಎಂಎಸ್ ಎಂಬ ಹೆಸರು ಕೇಳುತ್ತೀರಿ. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು ಮತ್ತು ಅವುಗಳ ಕಾಲೇಜುಗಳು ಸೇರಿ ಬಳಸಲೆಂದು 2021-22ನೇ ಸಾಲಿನಲ್ಲಿ ಬಂದ ಗಣಕ ವ್ಯವಸ್ಥೆ ಇದು. ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶದಂಥ ಕೆಲಸಗಳಿಗಾಗಿ ರೂಪಿಸಿದ್ದು. ಜಗಳೂರು ತಾಲ್ಲೂಕು 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ.

"ಒಂದೊಂದು ವಿಶ್ವವಿದ್ಯಾಲಯಕ್ಕೆ ಒಂದೊಂದು ವ್ಯವಸ್ಥೆ ಇದ್ದರೆ ಒಳ್ಳೆಯದಲ್ಲವೇ ಸರ್?" ಎಂದು ಗಣಕ ವಿಜ್ಞಾನದ ತರಗತಿಯಲ್ಲಿ ನನ್ನನ್ನು ಕೇಳುವವರಿದ್ದಾರೆ. ಎರಡಕ್ಕೂ ಲಾಭ-ನಷ್ಟಗಳಿವೆ. ಒಂದೇ ವ್ಯವಸ್ಥೆಯಾದರೆ ಖರ್ಚು ಹಂಚಿಹೋಗುತ್ತದೆ, ಎಲ್ಲರ ದಾಖಲೆಗಳೂ ಒಂದೇ ನಮೂನೆಯಲ್ಲಿ ಇರುತ್ತವೆ. ಆದರೆ ಅದು ಕೆಟ್ಟು ನಿಂತರೆ ಎಲ್ಲರ ಕೆಲಸವೂ ಒಟ್ಟಿಗೇ ನಿಲ್ಲುತ್ತದೆ. ಆದ್ದರಿಂದ ಆರಿಸುವವರು ಮೂರು ಪ್ರಶ್ನೆ ಕೇಳಬೇಕು.

ಮೊದಲನೆಯದು, ಏಕಕಾಲಕ್ಕೆ ಎಷ್ಟು ಜನ ಬರುತ್ತಾರೆ? 30,000 ವಿದ್ಯಾರ್ಥಿಗಳು, ಒಬ್ಬೊಬ್ಬರಿಗೆ 10 ನಿಮಿಷ ಎಂದಿಟ್ಟುಕೊಳ್ಳಿ. 15 ದಿನ, ದಿನಕ್ಕೆ 10 ಗಂಟೆಯಂತೆ ಸಮನಾಗಿ ಬಂದರೆ ಗಂಟೆಗೆ 200 ಮಂದಿ. ಒಂದು ಕ್ಷಣಕ್ಕೆ ಸುಮಾರು 33 ಮಂದಿ ಮಾತ್ರ. ಅರ್ಧದಷ್ಟು ಜನ ಕೊನೆಯ ದಿನದ 5 ಗಂಟೆಯಲ್ಲಿ ಬಂದರೆ? ಒಂದೇ ಕ್ಷಣಕ್ಕೆ 500 ಮಂದಿ, ಅಂದರೆ 15 ಪಟ್ಟು! ಸರಾಸರಿ ದಿನದ ಲೆಕ್ಕ ನಂಬಿ ಸರ್ವರ್ ಕೊಂಡರೆ ಕೊನೆಯ ದಿನ ಅದು ತಾಳುವುದಿಲ್ಲ.

ಎರಡನೆಯದು, ಕೊನೆಯವನಿಗೂ ತಲುಪುತ್ತದೆಯೇ? ಕೆರೆ ತುಂಬಿದ್ದರೂ ನಾಲೆಯ ಕೊನೆಭಾಗದ ಗದ್ದೆಗೆ ನೀರು ಹೋಗದಿದ್ದರೆ ಆ ರೈತನಿಗೆ ಏನು ಫಲ? ಹಾಗೆಯೇ ಸರ್ವರ್ ಎಷ್ಟೇ ದೊಡ್ಡದಿರಲಿ, ಹಳ್ಳಿಯ ಹುಡುಗಿ ಅಪ್ಪನ ಮೊಬೈಲ್‌ನಲ್ಲಿ ಅರ್ಜಿ ತುಂಬುವಂತಿರಬೇಕು. ನಡುವೆ ನೆಟ್‌ವರ್ಕ್ ಹೋದರೂ ತುಂಬಿದಷ್ಟು ಉಳಿದಿರಬೇಕು.

ಮೂರನೆಯದು, ತಪ್ಪನ್ನು ಯಾರು ತಿದ್ದಬೇಕು? ಅಂಕಪಟ್ಟಿಯಲ್ಲಿ 'ಎಂ.ಡಿ.', ಆಧಾರ್‌ನಲ್ಲಿ 'ಮೊಹಮ್ಮದ್' ಎಂದಿದ್ದರೆ ನಮಗೆ ಒಬ್ಬನೇ, ಯಂತ್ರಕ್ಕೆ ಇಬ್ಬರು. ಇಂಥ ತಿದ್ದುಪಡಿಯನ್ನು ದಾಖಲೆ ನೋಡಿ ಕಾಲೇಜು ಹಂತದಲ್ಲೇ ಮಾಡುವ ಅಧಿಕಾರವಿದ್ದರೆ ಜಗಳೂರಿನ ಬಡ ವಿದ್ಯಾರ್ಥಿ ದಿನದ ಕೂಲಿ ಬಿಟ್ಟು ದಾವಣಗೆರೆಗೆ ಅಲೆಯಬೇಕಿಲ್ಲ. ಆದರೆ ಅಂಕ ತಿದ್ದುವ ಅಧಿಕಾರ ಎಲ್ಲರಿಗೂ ಇರಕೂಡದು. ಯಾರು, ಯಾವಾಗ, ಏನು ತಿದ್ದಿದರೆಂಬುದು ದಾಖಲಾಗಬೇಕು.

ನನ್ನ ಅಭಿಪ್ರಾಯದಲ್ಲಿ ಹಂಚಿಕೊಂಡು ಬಳಸುವ ವ್ಯವಸ್ಥೆಯನ್ನು ಅತಿ ನೂಕುನುಗ್ಗಲಿನ ದಿನ ಮತ್ತು ಅತಿ ದೂರದ ವಿದ್ಯಾರ್ಥಿ, ಈ ಎರಡನ್ನೂ ಮುಂದಿಟ್ಟುಕೊಂಡೇ ಆರಿಸಬೇಕು. ನಿಮ್ಮಲ್ಲಿ ಬಿಸಿಎ, ಬಿಎಸ್ಸಿ ಓದುವವರು ಮುಂದೆ ಇಂಥವನ್ನು ಕಟ್ಟುವವರೂ ಆಗಬಹುದು. ಆಗ ಇದು ನೆನಪಿರಲಿ. ಸದ್ಯಕ್ಕೆ ನಿಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ಒಂದೇ ರೀತಿ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಈ ರಜೆಯಲ್ಲೇ ಸರಿಪಡಿಸಿಕೊಳ್ಳಿ.