ದೊಡ್ಡ ಫಲಕವೋ, ದೊಡ್ಡ ಕಿಂಡಿಯೋ?

ಛಾಯಾಚಿತ್ರಣದ ಹವ್ಯಾಸವನ್ನು ಹಿಡಿದವರಿಗೆ ಎರಡು ಮೂರು ವರ್ಷಗಳು ಕಳೆಯುತ್ತಲೇ ತಮ್ಮ ಕ್ಯಾಮರಾದ ಮೇಲೆ ಒಂದು ಬಗೆಯ ಅಸಮಾಧಾನ ಹುಟ್ಟುವುದುಂಟು. ಮಂದ ಬೆಳಕಿನಲ್ಲಿ ತೆಗೆದ ಚಿತ್ರದ ಮೇಲೆ ಮರಳು ಎರಚಿದಂತೆ ಚುಕ್ಕೆಗಳು ಕಾಣುತ್ತವೆ. ಅದೇ ಸ್ಥಳದಲ್ಲಿ ಸ್ನೇಹಿತನು ತೆಗೆದ ಚಿತ್ರದಲ್ಲಿ ಅವು ಅಷ್ಟಾಗಿ ಇಲ್ಲ. ವಿಚಾರಿಸಿದರೆ ಸ್ನೇಹಿತನದು ‘ಫುಲ್ ಫ್ರೇಮ್’ ಕ್ಯಾಮರಾ, ತನ್ನದು ‘ಕ್ರಾಪ್ ಸೆನ್ಸರ್’ ಕ್ಯಾಮರಾ ಎಂದು ತಿಳಿದುಬರುತ್ತದೆ. ಅಲ್ಲಿಂದ ಮುಂದೆ ಮನಸ್ಸಿಗೆ ನೆಮ್ಮದಿಯಿಲ್ಲ.

ಈಚೆಗೆ ಕಾಲೇಜು ವಿದ್ಯಾರ್ಥಿಯೊಬ್ಬನು ಇದೇ ಚಿಂತೆಯನ್ನು ಹೊತ್ತು ನಮ್ಮಲ್ಲಿಗೆ ಬಂದಿದ್ದನು. ಇರುಳಿಡೀ ನಡೆಯುವ ಯಕ್ಷಗಾನ ಬಯಲಾಟಗಳ ಚಿತ್ರ ತೆಗೆಯುವುದು ಅವನ ಗೀಳು. ಹಳೆಯ ಕ್ಯಾಮರಾವನ್ನೂ ಅದರ ಮಸೂರವನ್ನೂ ಮಾರಿ, ಎರಡು ವರ್ಷ ಕೂಡಿಟ್ಟ ಹಣವನ್ನು ಅದಕ್ಕೆ ಸೇರಿಸಿ, ದೊಡ್ಡ ಕ್ಯಾಮರಾವನ್ನು ಕೊಳ್ಳಬಹುದೇ ಎಂಬುದು ಅವನ ಪ್ರಶ್ನೆ. ಮಸೂರವೂ ಸೇರಿದರೆ ಇದು ಲಕ್ಷ ರೂಪಾಯಿಯನ್ನು ದಾಟುವ ವ್ಯವಹಾರ. ಆದುದರಿಂದ ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಕಳುಹಿಸುವುದು ಸರಿಯೆಂದು ನಮಗೆ ತೋರಲಿಲ್ಲ.

ಮೊದಲು ಈ ಹೆಸರುಗಳ ಮೂಲವನ್ನು ನೋಡೋಣ. ಜರ್ಮನಿಯ ವೆಟ್ಸ್ಲರ್ ಪಟ್ಟಣದಲ್ಲಿ ಲೈಟ್ಸ್ ಎಂಬ ಸೂಕ್ಷ್ಮದರ್ಶಕಗಳ ಕಾರ್ಖಾನೆಯಿತ್ತು. ಅಲ್ಲಿ ಕೆಲಸದಲ್ಲಿದ್ದ ಓಸ್ಕರ್ ಬಾರ್ನಾಕ್ ಎಂಬಾತನು 35 ಮಿ.ಮೀ. ಅಗಲದ ಸಿನಿಮಾ ಫಿಲ್ಮನ್ನು ಬಳಸುವ ಪುಟ್ಟ ಕ್ಯಾಮರಾವೊಂದನ್ನು ರಚಿಸಿದನು. ಸಿನಿಮಾದ ಒಂದು ಚೌಕಟ್ಟು 18×24 ಮಿ.ಮೀ.; ಆತನು ಅಂತಹ ಎರಡನ್ನು ಕೂಡಿಸಿ 24×36 ಮಿ.ಮೀ. ಚೌಕಟ್ಟನ್ನು ಮಾಡಿಕೊಂಡನು. ಲೈಕಾ ಎಂಬ ಹೆಸರಿನಿಂದ ಈ ಕ್ಯಾಮರಾ 1925ರಲ್ಲಿ ಲೈಪ್ಜಿಗ್ ಜಾತ್ರೆಯಲ್ಲಿ ಪ್ರದರ್ಶಿತವಾಯಿತು. ಫಿಲ್ಮಿನ ಸ್ಥಾನದಲ್ಲಿ ಇಂದು ಸಿಲಿಕಾನ್ ಫಲಕವಿದೆಯಾದರೂ, ಬಾರ್ನಾಕನ ಅಳತೆಯನ್ನೇ ನಾವು ಇನ್ನೂ ‘ಪೂರ್ಣ ಚೌಕಟ್ಟು’ ಎನ್ನುತ್ತಿದ್ದೇವೆ. ಅದರಲ್ಲಿ ಪೂರ್ಣವಾದದ್ದು ಏನೂ ಇಲ್ಲ. ಅದಕ್ಕಿಂತ ದೊಡ್ಡ ಫಲಕಗಳೂ ಇವೆ. ಚಿಕ್ಕ ಫಲಕದ ಅಳತೆ ಸುಮಾರು 23.5×15.7 ಮಿ.ಮೀ.; ಕೆಲವು ಕಂಪೆನಿಗಳದು ಇದಕ್ಕಿಂತ ಕೊಂಚ ಕಿರಿದು. ದೊಡ್ಡದರ ವಿಸ್ತೀರ್ಣ 864 ಚದರ ಮಿ.ಮೀ., ಚಿಕ್ಕದರದು 369. ಎಂದರೆ ಒಂದು ಮತ್ತೊಂದರ ಸುಮಾರು 2.3ರಷ್ಟು.

ಬೆಲೆಯಲ್ಲಿ ಅಂತರವೇಕೆ? ಫಲಕಗಳನ್ನು ದುಂಡನೆಯ ಸಿಲಿಕಾನ್ ಬಿಲ್ಲೆಗಳ ಮೇಲೆ ಅಚ್ಚೊತ್ತಿ ಕತ್ತರಿಸುತ್ತಾರೆ. ಬಿಲ್ಲೆಯಲ್ಲಿ ಎಲ್ಲಿಯೋ ಒಂದು ದೋಷವಿದ್ದರೆ ಅದರ ಮೇಲೆ ಬಿದ್ದ ಫಲಕವೆಲ್ಲ ವ್ಯರ್ಥ. ದೋಸೆಯ ಒಂದು ಕಡೆ ಸೀದರೆ, ಅದನ್ನು ನಾಲ್ಕಾಗಿ ಹರಿದವನಿಗೆ ಒಂದು ತುಂಡಿನ ನಷ್ಟ, ಎರಡಾಗಿ ಹರಿದವನಿಗೆ ಅರ್ಧ ದೋಸೆಯೇ ನಷ್ಟ. ಇದಲ್ಲದೆ ಅಚ್ಚಿನ ಯಂತ್ರವು ಒಂದು ಸಲಕ್ಕೆ ಮುದ್ರಿಸಬಲ್ಲ ಕ್ಷೇತ್ರ ಸಾಮಾನ್ಯವಾಗಿ 26×33 ಮಿ.ಮೀ. ಮಾತ್ರ. 36 ಮಿ.ಮೀ. ಉದ್ದದ ಫಲಕವನ್ನು ಭಾಗ ಭಾಗವಾಗಿ ಮುದ್ರಿಸಿ ಬೆಸೆಯಬೇಕಾಗುತ್ತದೆ.

ಇನ್ನು ಚುಕ್ಕೆಗಳ ವಿಷಯ. ಮಳೆಯ ಮೊದಲ ಹನಿಗಳು ಅಂಗಳದ ಕಲ್ಲುಚಪ್ಪಡಿಗಳ ಮೇಲೆ ಬೀಳುವುದನ್ನು ವಾಚಕರು ನೋಡಿರಬಹುದು. ಒಂದು ಚಪ್ಪಡಿಗೆ ಮೂರು ಹನಿ, ಪಕ್ಕದ್ದಕ್ಕೆ ಏಳು, ಮತ್ತೊಂದಕ್ಕೆ ಒಂದೂ ಇಲ್ಲ. ಮಳೆ ಜೋರಾಗಿ ಸುರಿದ ಮೇಲೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಬೆಳಕೂ ಫೋಟಾನ್‌ಗಳೆಂಬ ಬಿಡಿ ಹನಿಗಳಾಗಿಯೇ ಬೀಳುತ್ತದೆ. ಸರಾಸರಿ 100 ಫೋಟಾನ್‌ಗಳು ಬೀಳುವಲ್ಲಿ ಏರುಪೇರು ಅದರ ವರ್ಗಮೂಲವಾದ 10ರಷ್ಟು, ಎಂದರೆ ಶೇಕಡ 10. ಸರಾಸರಿ 10,000 ಬೀಳುವಲ್ಲಿ ಏರುಪೇರು 100, ಶೇಕಡ 1 ಮಾತ್ರ. ಮಂದ ಬೆಳಕಿನ ಚಿತ್ರದಲ್ಲಿ ನಾವು ಕಾಣುವ ಮರಳಿನಲ್ಲಿ ಬಹುಪಾಲು ಇದೇ ಏರುಪೇರು. ಯಾವ ಕಂಪೆನಿಯೂ ಇದನ್ನು ತಪ್ಪಿಸಲಾರದು, ಏಕೆಂದರೆ ಇದು ಯಂತ್ರದ ದೋಷವಲ್ಲ, ಬೆಳಕಿನ ಸ್ವಭಾವ. ಹೆಚ್ಚು ಬೆಳಕನ್ನು ಕೂಡಿಹಾಕುವುದೊಂದೇ ಇದಕ್ಕೆ ಮೂಲ ಪರಿಹಾರ.

ದೊಡ್ಡ ಫಲಕ ದೊಡ್ಡ ಅಂಗಳವಿದ್ದಂತೆ, 2.3ರಷ್ಟು ಹನಿಗಳನ್ನು ಹಿಡಿಯುತ್ತದೆ. ಅಂಗಡಿಯವರು ಹೇಳುವುದು ಇಷ್ಟೇ, ಮತ್ತು ಇದು ಸುಳ್ಳಲ್ಲ. ಆದರೆ ಆ ಹೆಚ್ಚಿನ ಬೆಳಕು ಎಲ್ಲಿಂದ ಬಂದಿತು ಎಂಬುದನ್ನು ಕೇಳಬೇಕು. ಫಲಕಕ್ಕೆ ಬೆಳಕು ಆಕಾಶದಿಂದ ನೇರವಾಗಿ ಸುರಿಯುವುದಿಲ್ಲ. ಮಸೂರದ ಕಿಂಡಿಯ ಮೂಲಕವೇ ಬರಬೇಕು. ಮಸೂರದ ಮೇಲೆ ಕಾಣುವ ಎಫ್ ಸಂಖ್ಯೆ ಎಂಬುದು ಸಂಗಮದೂರವನ್ನು ಈ ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ. ಚಿಕ್ಕ ಫಲಕಕ್ಕೆ 35 ಮಿ.ಮೀ. ಮಸೂರವು ಎಷ್ಟು ಅಗಲದ ನೋಟವನ್ನು ಕೊಡುತ್ತದೆಯೋ ಅಷ್ಟೇ ನೋಟಕ್ಕೆ ದೊಡ್ಡ ಫಲಕದಲ್ಲಿ ಸುಮಾರು 53 ಮಿ.ಮೀ. ಮಸೂರ ಬೇಕು. ಎರಡೂ ಎಫ್ 2.8 ಆಗಿರಲಿ. ಮೊದಲನೆಯದರ ಕಿಂಡಿಯ ವ್ಯಾಸ 12.5 ಮಿ.ಮೀ., ಎರಡನೆಯದರದು 19 ಮಿ.ಮೀ. ಕಿಂಡಿಗಳ ವಿಸ್ತೀರ್ಣವನ್ನು ಹೋಲಿಸಿದರೆ ಅದೇ 2.3! ನೋಟವೂ ಷಟರ್ ತೆರೆದಿರುವ ಕಾಲವೂ ಒಂದೇ ಆಗಿರುವಲ್ಲಿ ಬೆಳಕಿನ ಮೊತ್ತವನ್ನು ನಿರ್ಧರಿಸುವುದು ಕಿಂಡಿಯೇ. ದೊಡ್ಡ ಫಲಕ ಮಾಡುವುದಿಷ್ಟೆ: ಅದೇ ನೋಟಕ್ಕೆ ಹೆಚ್ಚು ಅಗಲದ ಕಿಂಡಿಯನ್ನು ಬಳಸಲು ಅವಕಾಶ ಕೊಡುತ್ತದೆ. ಹಿನ್ನೆಲೆ ಮಸುಕಾಗುವ ಸೊಗಸೂ ಈ ಕಿಂಡಿಯಿಂದಲೇ ಬರುವುದು.

ನಮ್ಮ ವಿದ್ಯಾರ್ಥಿಯ ಲೆಕ್ಕವನ್ನು ಈಗ ಮಾಡಬಹುದು. ಅವನ ಬಳಿ ಇದ್ದದ್ದು 17ರಿಂದ 55 ಮಿ.ಮೀ.ವರೆಗಿನ, ಎಫ್ 2.8ರ ಮಸೂರ. ಕೊಳ್ಳಬೇಕೆಂದಿದ್ದುದು ದೊಡ್ಡ ಕ್ಯಾಮರಾದೊಡನೆ 24ರಿಂದ 105 ಮಿ.ಮೀ.ವರೆಗಿನ, ಎಫ್ 4ರ ಮಸೂರ. ಹಳೆಯದರ 55 ಮಿ.ಮೀ. ತುದಿಯಲ್ಲಿ ಕಿಂಡಿ 19.6 ಮಿ.ಮೀ.; ಅದೇ ನೋಟಕ್ಕೆ ಹೊಸದನ್ನು 84 ಮಿ.ಮೀ.ಗೆ ಇಟ್ಟರೆ ಕಿಂಡಿ 21 ಮಿ.ಮೀ. ಬೆಳಕಿನ ಲಾಭ ನೂರಕ್ಕೆ ಹದಿನೈದು. ಈ ವ್ಯತ್ಯಾಸವನ್ನು ಕಣ್ಣು ಗುರುತಿಸುವುದು ಕಷ್ಟ. ಲಕ್ಷ ರೂಪಾಯಿಯನ್ನು ವೆಚ್ಚಮಾಡಿ ಆತನು ಹೆಚ್ಚು ಕಡಿಮೆ ಮೊದಲಿನ ಚಿತ್ರಗಳನ್ನೇ ತೆಗೆಯುತ್ತಿದ್ದನು! ಇದನ್ನು ಕೇಳಿ ಅವನ ಮುಖ ಸಪ್ಪಗಾಯಿತು.

ಮಾರ್ಗ ಮತ್ತೊಂದಿದೆ. ಹಳೆಯ ಕ್ಯಾಮರಾಕ್ಕೇ 50 ಮಿ.ಮೀ., ಎಫ್ 1.8ರ ಮಸೂರವನ್ನು ಹಾಕಿದರೆ ಕಿಂಡಿಯ ವ್ಯಾಸ ಸುಮಾರು 28 ಮಿ.ಮೀ. ಅವನ ಮಸೂರ ಅದೇ 50ರಲ್ಲಿ ಕೊಡುತ್ತಿದ್ದುದು 18 ಮಿ.ಮೀ. ಬೆಳಕು 2.4ರಷ್ಟಾಗುತ್ತದೆ. ಫಲಕವನ್ನು ಬದಲಿಸಿ, ಅದಕ್ಕೆ ಎಫ್ 2.8ರ ಬೆಲೆಬಾಳುವ ಮಸೂರವನ್ನು ಕೊಂಡರೆ ಬರುತ್ತಿದ್ದ ಲಾಭವೂ ಹೆಚ್ಚು ಕಡಿಮೆ ಇಷ್ಟೇ. ಈ ಪುಟ್ಟ ಮಸೂರದ ಬೆಲೆ ಹೊಸ ಕ್ಯಾಮರಾದ ಬೆಲೆಯ ಒಂದು ಸಣ್ಣ ಪಾಲು. ಇದು ಹಿಂದೆ ಮುಂದೆ ಸರಿಯದೆ ಒಂದೇ ನೋಟವನ್ನು ಕೊಡುವ ಮಸೂರ ಎಂಬ ಕೊರತೆಯಿದೆ, ಚಿತ್ರಕಾರನೇ ನಡೆದಾಡಬೇಕು.

ಹಕ್ಕಿಗಳ ಚಿತ್ರ ತೆಗೆಯುವವರ ಲೆಕ್ಕವೇ ಬೇರೆ. ರಂಗನತಿಟ್ಟಿನಲ್ಲಿ ಸುಮಾರು ಒಂದು ಮೀಟರು ಎತ್ತರದ ಬಣ್ಣದ ಕೊಕ್ಕರೆಯನ್ನು 30 ಮೀಟರು ದೂರದಿಂದ 300 ಮಿ.ಮೀ. ಮಸೂರದಲ್ಲಿ ಹಿಡಿದರೆ ಫಲಕದ ಮೇಲೆ ಅದರ ಬಿಂಬ 10 ಮಿ.ಮೀ. ಎತ್ತರವಿರುತ್ತದೆ. ಫಲಕ ಚಿಕ್ಕದಾದರೂ ದೊಡ್ಡದಾದರೂ ಬಿಂಬ ಅಷ್ಟೇ. ದೊಡ್ಡದರಲ್ಲಿ ಕೊಕ್ಕರೆಯ ಸುತ್ತ ನೀರೂ ಗಿಡವೂ ಹೆಚ್ಚು ಕಾಣುತ್ತವೆ. ಎರಡರಲ್ಲಿಯೂ ಅಡ್ಡಕ್ಕೆ 6,000 ಪಿಕ್ಸೆಲ್‌ಗಳಿದ್ದರೆ, ಚಿಕ್ಕದರಲ್ಲಿ ಆ 10 ಮಿ.ಮೀ.ಗೆ ಸುಮಾರು 2,550 ಪಿಕ್ಸೆಲ್‌ಗಳು ದೊರೆತರೆ ದೊಡ್ಡದರಲ್ಲಿ 1,670 ಮಾತ್ರ. ಹೆಚ್ಚು ಉದ್ದದ ಮಸೂರವನ್ನು ಕೊಳ್ಳಲಾಗದವರಿಗೆ ಇಲ್ಲಿ ದೊಡ್ಡ ಫಲಕದಿಂದ ನಷ್ಟವೇ ಸರಿ.

ಹಾಗಾದರೆ ದೊಡ್ಡ ಕ್ಯಾಮರಾ ಯಾರಿಗೆ? ಚಿಕ್ಕ ಫಲಕದ ಮೇಲೆ ಇದ್ದುದರಲ್ಲಿ ಅಗಲವಾದ ಕಿಂಡಿಯನ್ನು ಆಗಲೇ ಬಳಸುತ್ತಿದ್ದು, ಇನ್ನೂ ಬೆಳಕು ಸಾಲದವರಿಗೆ. ಅಂತಹ ಮಸೂರಗಳನ್ನು ದೊಡ್ಡ ಫಲಕಕ್ಕೂ ಕೊಳ್ಳಬಲ್ಲವರಿಗೆ. ಹಗಲು ಬೆಳಕಿನಲ್ಲಿ ಮೋಡದ ಬಿಳುಪನ್ನೂ ನೆರಳಿನ ವಿವರವನ್ನೂ ಒಟ್ಟಿಗೆ ಉಳಿಸಿಕೊಳ್ಳಬೇಕಾದವರಿಗೂ ಅನುಕೂಲವುಂಟು. ಚಿಕ್ಕ ಫಲಕಕ್ಕಾಗಿ ಮಾಡಿದ ಮಸೂರಗಳನ್ನೇ ದೊಡ್ಡದಕ್ಕೆ ತೊಡಿಸಿ ಸುಧಾರಿಸುತ್ತೇನೆ ಎನ್ನುವವರು ಮಾತ್ರ ತಡೆಯುವುದು ಒಳ್ಳೆಯದು. ಅವುಗಳ ಬಿಂಬ ದೊಡ್ಡ ಫಲಕದ ಮೂಲೆಗಳನ್ನು ಮುಟ್ಟದೆ, ನಡುಭಾಗವಷ್ಟೇ ಉಪಯೋಗಕ್ಕೆ ಬಂದು, 24 ಮೆಗಾಪಿಕ್ಸೆಲ್ ಕ್ಯಾಮರಾ 10 ಮೆಗಾಪಿಕ್ಸೆಲಿನದಾಗುತ್ತದೆ.

ಪ್ರತಿಯೊಂದು ಚಿತ್ರದ ಜೊತೆಗೂ ಸಂಗಮದೂರ, ಎಫ್ ಸಂಖ್ಯೆ, ಷಟರಿನ ಕಾಲ ಇವುಗಳನ್ನು ಕ್ಯಾಮರಾ ತಾನಾಗಿಯೇ ದಾಖಲಿಸಿಡುತ್ತದೆ. ಕೆಟ್ಟುಹೋದ ಚಿತ್ರಗಳನ್ನು ಬೇರ್ಪಡಿಸಿ ಅವುಗಳ ದಾಖಲೆಯನ್ನು ಓದಿಬರುವಂತೆ ನಾವು ಆ ವಿದ್ಯಾರ್ಥಿಗೆ ಹೇಳಿದೆವು. ವಾರದ ಮೇಲೆ ಮರಳಿ ಬಂದನು. ಧೀಂಗಣ ಹಾಕುವ ವೇಷಗಳ ಚಿತ್ರಗಳೇ ಬಹುಪಾಲು ಕೆಟ್ಟಿದ್ದವು. ಅವುಗಳಲ್ಲಿ ಹೆಚ್ಚಿನವನ್ನು ರಂಗಸ್ಥಳದ ಎದುರಿನಿಂದ, 50 ಮಿ.ಮೀ.ಯ ಆಸುಪಾಸಿನಲ್ಲಿ ತೆಗೆದಿದ್ದನು. ಪುಟ್ಟ ಮಸೂರವನ್ನು ಕೊಂಡು, ಮಿಕ್ಕ ಹಣವನ್ನು ಹಾಗೆಯೇ ಇಟ್ಟುಕೊಂಡಿದ್ದಾನೆ. ದೀಪಾವಳಿ ಕಳೆದರೆ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ.