ಗೌಟ್ ಇರುವವರು ಪರ್ವದ ಉಪವಾಸಕ್ಕೆ ಮುನ್ನ ತಿಳಿಯಬೇಕಾದದ್ದು

ಮಾಂಸ, ಮದ್ಯ ಎರಡೂ ಕಾಣದ ಮನೆಯಲ್ಲಿ ಗೌಟ್ ಹೇಗೆ ಬಂತು ಎಂದು ಅನೇಕ ಶ್ರಾವಕರು ಆಶ್ಚರ್ಯಪಡುತ್ತಾರೆ. ರಾತ್ರಿ ಚೆನ್ನಾಗಿ ಮಲಗಿದವರಿಗೆ ಬೆಳಗಿನ ಜಾವ ಕಾಲಿನ ಹೆಬ್ಬೆರಳ ಬುಡ ಕೆಂಪಾಗಿ ಊದಿ, ಹೊದಿಕೆ ತಗುಲಿದರೂ ತಾಳಲಾಗದಷ್ಟು ನೋವು. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ, ಅದರ ಸೂಜಿಯಂಥ ಹರಳುಗಳು ಕೀಲಿನಲ್ಲಿ ಕೂಡಿಕೊಳ್ಳುವುದೇ ಇದಕ್ಕೆ ಕಾರಣ. ಈ ಆಸಿಡ್ ಬಹುಪಾಲು ದೇಹದಲ್ಲೇ ಹುಟ್ಟುತ್ತದೆ. ಮೂರರಲ್ಲಿ ಸುಮಾರು ಎರಡು ಪಾಲು ಮೂತ್ರಪಿಂಡದ ಮೂಲಕ ಹೊರಗೆ ಹೋಗಬೇಕು; ಹೆಚ್ಚಿನ ರೋಗಿಗಳಲ್ಲಿ ಆ ಕೆಲಸವೇ ನಿಧಾನ. ಇದು ವಂಶದಲ್ಲಿಯೂ ಬರುತ್ತದೆ, ಬಿಪಿಗೆ ಕೊಡುವ ಕೆಲವು ಮೂತ್ರ ಹೆಚ್ಚಿಸುವ ಮಾತ್ರೆಗಳಿಂದಲೂ ಏರುತ್ತದೆ. ಗೌಟ್ ಬಂದವರನ್ನು ಆಚಾರ ತಪ್ಪಿದವರಂತೆ ನೋಡುವುದು ಅನ್ಯಾಯ.

ಚಿಕಿತ್ಸೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಮೊದಲನೆಯದು ನೋವು ಇಳಿಸುವುದು. ಕೋಲ್ಚಿಸಿನ್, ಊತ ಇಳಿಸುವ ನೋವಿನ ಮಾತ್ರೆ, ಸ್ಟಿರಾಯ್ಡ್ ಇವುಗಳಲ್ಲಿ ಯಾವುದು ಎಂಬುದನ್ನು ಮೂತ್ರಪಿಂಡ, ಹೃದಯ, ಸಕ್ಕರೆ ಕಾಯಿಲೆ ನೋಡಿ ವೈದ್ಯರೇ ನಿರ್ಧರಿಸಬೇಕು. ಬೇಗ ಶುರುವಾದಷ್ಟೂ ಒಳ್ಳೆಯದು. ಮೆಡಿಕಲ್ ಶಾಪಿನಲ್ಲಿ ಕೇಳಿ ವರ್ಷಗಟ್ಟಲೆ ಡೈಕ್ಲೋಫೆನಾಕ್ ನುಂಗುವವರಿದ್ದಾರೆ. ನೋವು ಹೋಗುತ್ತದೆ, ಹರಳು ಅಲ್ಲೇ ಇರುತ್ತದೆ, ಮೂತ್ರಪಿಂಡ ಕೆಡುತ್ತದೆ.

ಎರಡನೆಯದು ಯೂರಿಕ್ ಆಸಿಡ್ ಇಳಿಸುವುದು. ವರ್ಷಕ್ಕೆ ಎರಡು ಅಥವಾ ಹೆಚ್ಚು ಸಲ ನೋವು ಬರುವವರಿಗೆ, ಕೀಲು ಸವೆದವರಿಗೆ, ಚರ್ಮದಡಿ ಗಂಟು ಕಟ್ಟಿದವರಿಗೆ ಇದು ಬೇಕೇ ಬೇಕು. ಅಮೆರಿಕದ ಸಂಧಿರೋಗ ತಜ್ಞರ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಮೊದಲ ಆಯ್ಕೆ ಅಲೋಪ್ಯೂರಿನಾಲ್. ದಿನಕ್ಕೆ 100 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಆರಂಭಿಸಿ, ರಕ್ತ ಪರೀಕ್ಷೆ ನೋಡುತ್ತಾ ಏರಿಸಿ, ಡೆಸಿಲೀಟರಿಗೆ 6 ಮಿಲಿಗ್ರಾಂಗಿಂತ ಕೆಳಗೆ ತಂದು ಅಲ್ಲೇ ನಿಲ್ಲಿಸಬೇಕು. ಆರಂಭದ ತಿಂಗಳುಗಳಲ್ಲಿ ಹರಳು ಕರಗುವಾಗ ನೋವು ಮರುಕಳಿಸಬಹುದು. ಅದಕ್ಕೆಂದೇ ಮೂರರಿಂದ ಆರು ತಿಂಗಳು ಜೊತೆಗೆ ಇನ್ನೊಂದು ಮಾತ್ರೆ ಕೊಡುತ್ತಾರೆ. ‘ಮಾತ್ರೆಯಿಂದಲೇ ನೋವು ಹೆಚ್ಚಾಯಿತು’ ಎಂದು ಬಹಳ ಜನ ಬಿಡುವುದು ಈ ಹಂತದಲ್ಲೇ. ಬಿಡಬಾರದು. ಆದರೆ ಮೈಮೇಲೆ ದದ್ದು, ಬಾಯಿಹುಣ್ಣು, ಜ್ವರ ಕಂಡರೆ ಮಾತ್ರ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ವಿಷಯ: ನೋವಿನ ದಿನ ಮಾಡಿಸಿದ ಪರೀಕ್ಷೆಯಲ್ಲಿ ಯೂರಿಕ್ ಆಸಿಡ್ ಸರಿಯಾಗಿಯೇ ಬರಬಹುದು. ನೋವು ಇಳಿದು ಎರಡು ವಾರ ಕಳೆದ ಮೇಲೆ ಮತ್ತೆ ಮಾಡಿಸಬೇಕು.

ಇನ್ನು ದಶಲಕ್ಷಣ ಪರ್ವದ ಮಾತು. ಊಟವಿಲ್ಲದಾಗ ದೇಹ ಕೊಬ್ಬು ಕರಗಿಸುತ್ತದೆ. ಆಗ ಹುಟ್ಟುವ ಕೀಟೋನ್ ಯೂರಿಕ್ ಆಸಿಡ್ ಹೊರಹೋಗದಂತೆ ತಡೆಯುತ್ತದೆ. ನೀರೂ ಇಲ್ಲದಿದ್ದರೆ ಇನ್ನಷ್ಟು ಕಷ್ಟ. ಸಾಲು ಉಪವಾಸದ ನಡುವೆಯೋ ಮುಗಿದ ಮರುದಿನವೋ ಕಾಲು ಹಿಡಿದುಕೊಳ್ಳುವುದು ಇದರಿಂದಲೇ. ಪರ್ವಕ್ಕೆ ಮೂರು ನಾಲ್ಕು ವಾರ ಮೊದಲೇ ರಕ್ತ ಪರೀಕ್ಷೆ ಮಾಡಿಸಿ ವೈದ್ಯರೊಂದಿಗೆ ಮಾತಾಡಬೇಕು. ನೋವು ಇರುವವರು, ಮೂತ್ರಪಿಂಡದ ತೊಂದರೆ ಇರುವವರು ನಿರ್ಜಲ ಉಪವಾಸಕ್ಕೆ ಕೈಹಾಕದಿರುವುದೇ ಲೇಸು. ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತಪವೂ ಒಂದು, ಅಂದರೆ ಶಕ್ತಿಗೆ ತಕ್ಕ ತಪ. ಏಕಾಶನ ಮಾಡುವವರಿಗೆ ಮಾತ್ರೆಯ ತೊಡಕಿಲ್ಲ: ಅಲೋಪ್ಯೂರಿನಾಲ್ ಸಾಮಾನ್ಯವಾಗಿ ದಿನಕ್ಕೆ ಒಮ್ಮೆ, ಊಟವಾದ ಮೇಲೆ. ಆ ಹೊತ್ತಿಗೇ ತೆಗೆದುಕೊಳ್ಳಬಹುದು, ರಾತ್ರಿ ತ್ಯಾಗಕ್ಕೂ ಧಕ್ಕೆಯಿಲ್ಲ. ಇದು ಸಿಗುವುದು ಮಾತ್ರೆಯ ರೂಪದಲ್ಲಿ, ಜೆಲಟಿನ್ ಕ್ಯಾಪ್ಸೂಲ್ ಅಲ್ಲ.

ತೊಗರಿಬೇಳೆ ಪೂರ್ತಿ ಬಿಡಿ ಎಂಬ ಸಲಹೆ ಮನೆಮನೆಯಲ್ಲಿದೆ. ಬೇಳೆ, ತರಕಾರಿಗಳ ಪ್ಯೂರಿನ್ ಮಾಂಸದಷ್ಟು ತೊಂದರೆ ಕೊಡುವುದಿಲ್ಲ. ಗಡ್ಡೆಗೆಣಸು ಮೊದಲೇ ಬಿಟ್ಟವರು ಬೇಳೆಯನ್ನೂ ಬಿಟ್ಟರೆ ತಟ್ಟೆಯಲ್ಲಿ ಉಳಿಯುವುದೇನು? ಕಡಿಮೆ ಕೊಬ್ಬಿನ ಹಾಲು, ಮೊಸರು ಒಳ್ಳೆಯದು. ನಿಜಕ್ಕೂ ದೂರವಿಡಬೇಕಾದದ್ದು ಸಕ್ಕರೆ ತುಂಬಿದ ಶರಬತ್ತು, ಬಾಟಲಿ ಜ್ಯೂಸು. ಪಾರಣೆಯ ದಿನ ಮೊದಲು ಕಾಯಿಸಿ ಸೋಸಿದ ನೀರು ನಿಧಾನವಾಗಿ ಕುಡಿದು, ಹಗುರವಾದ ಊಟ ಮಾಡಿ, ಸಿಹಿಯನ್ನು ಒಂದೆರಡು ದಿನ ಮುಂದೂಡಬೇಕು.