ತೆರೆಯ ಮೇಲೆ ದೆವ್ವ ಮೂಡುವ ಬಗೆ

೧೯೯೦ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಅನೇಕ ಮನೆಗಳ ಕದಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣುತ್ತಿತ್ತು. ರಾತ್ರಿಯ ಹೊತ್ತು ದೆವ್ವವೊಂದು ಬಂದು ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ. ಓಗೊಟ್ಟು ಕದ ತೆರೆದವರು ಬದುಕಲಾರರು. ಬರಹವನ್ನು ಓದಿದರೆ ಮಾತ್ರ ಅದು ಮರುದಿನ ಬರೋಣವೆಂದು ಹಿಂದಿರುಗುತ್ತದೆ. ಇದು ಜನರ ಬಾಯಲ್ಲಿದ್ದ ಕಥೆ. ೨೦೧೮ರಲ್ಲಿ ತೆರೆಕಂಡ ‘ಸ್ತ್ರೀ’ ಎಂಬ ಹಿಂದೀ ಚಲಚ್ಚಿತ್ರವು ಇದೇ ಕಥೆಯನ್ನು ಮಧ್ಯಪ್ರದೇಶದ ಚಂದೇರಿ ಪಟ್ಟಣಕ್ಕೆ ಕೊಂಡೊಯ್ದು ಬಳಸಿಕೊಂಡಿತು.

ಊರಿನ ಇಂಥ ಕಥೆಯೊಂದನ್ನು ಆರಿಸಿಕೊಂಡು ಹತ್ತು ನಿಮಿಷಗಳ ಕಿರುಚಿತ್ರ ತೆಗೆಯುವುದು ಈಗ ವಿದ್ಯಾರ್ಥಿಗಳಿಗೂ ಸಾಧ್ಯವಾಗಿದೆ. ಕೈಯಲ್ಲಿರುವ ಮೊಬೈಲು ಫೋನೇ ಅವರ ಕ್ಯಾಮರಾ. ಆದರೆ ಹಿಡಿದು ತರಲಾಗದ ದೆವ್ವವನ್ನು ತೆರೆಯ ಮೇಲೆ ತರುವುದು ಹೇಗೆ? ಇದಕ್ಕೆ ಮಂತ್ರ ಬೇಕಿಲ್ಲ, ಬೆಳಕು ಮತ್ತು ಶಬ್ದಗಳ ನಿಯಮಗಳು ಸಾಕು. ಅಷ್ಟೇ ಅಲ್ಲ, ಜನರು ಕತ್ತಲಲ್ಲಿ ‘ಕಂಡೆವು’ ಎನ್ನುವ ದೆವ್ವಗಳ ಹಿಂದೆಯೂ ಅನೇಕ ವೇಳೆ ಇವೇ ನಿಯಮಗಳಿರುತ್ತವೆ.

ಬೀದರದ ವಿದ್ಯಾರ್ಥಿಗಳು ಇಂಥ ಚಿತ್ರವೊಂದನ್ನು ತೆಗೆಯುತ್ತಾರೆಂದು ಭಾವಿಸೋಣ. ಕಥೆಗೆ ಸ್ಥಳ ಹುಡುಕಲು ಅವರು ದೂರ ಹೋಗಬೇಕಾಗಿಲ್ಲ. ನಗರದ ಪೂರ್ವಕ್ಕೆ ಕೆಲವೇ ಕಿಲೋಮೀಟರು ದೂರದ ಅಷ್ಟೂರಿನಲ್ಲಿ ಬಹಮನೀ ಸುಲ್ತಾನರ ಗೋರಿಗಳ ಸಾಲಿದೆ. ೧೪೫೮ರಿಂದ ೧೪೬೧ರವರೆಗೆ ಆಳಿ ಕ್ರೂರಿಯೆಂದು ಹೆಸರಾದ ಹುಮಾಯೂನನ ಗೋರಿಯ ಗುಮ್ಮಟವು ಸಿಡಿಲು ಬಡಿದು ಒಡೆದು ನಿಂತಿದೆ. ಇವು ಸಂರಕ್ಷಿತ ಸ್ಮಾರಕಗಳಾದುದರಿಂದ ಚಿತ್ರೀಕರಣಕ್ಕೆ ಪುರಾತತ್ತ್ವ ಇಲಾಖೆಯ ಅನುಮತಿ ಪಡೆಯುವುದು ಅವಶ್ಯಕ.

ಮೊದಲನೆಯ ಉಪಾಯ ಅತಿ ಸುಲಭವಾದುದು. ಚಲಚ್ಚಿತ್ರವೆಂದರೆ ಸೆಕೆಂಡಿಗೆ ೨೪ರಂತೆ ಸಾಗುವ ನಿಶ್ಚಲ ಚಿತ್ರಗಳ ಸರಣಿ. ಕ್ಯಾಮರಾವನ್ನು ಕದಲಿಸದೆ ಕ್ಷಣಕಾಲ ನಿಲ್ಲಿಸಿ, ನಟನನ್ನು ಆಚೆಗೆ ಕಳುಹಿಸಿ, ಮತ್ತೆ ಚಾಲೂ ಮಾಡಿದರೆ ನೋಡುವವರ ಕಣ್ಣಿಗೆ ಆತ ಮಾಯವಾದಂತೆ ತೋರುತ್ತದೆ. ಫ್ರಾನ್ಸಿನ ಜಾರ್ಜ್ ಮೆಲಿಯೆ ಎಂಬವರು ೧೮೯೬ರಲ್ಲಿಯೇ ಈ ಉಪಾಯದಿಂದ ಸುಮಾರು ಮೂರು ನಿಮಿಷಗಳ ದೆವ್ವದ ಚಿತ್ರವೊಂದನ್ನು ತೆಗೆದರು. ಕಿರುಚಿತ್ರಕ್ಕೂ ದೆವ್ವಕ್ಕೂ ಇರುವ ನಂಟು ಅಷ್ಟು ಹಳೆಯದು. ಬರಿಯ ಗೋಡೆಯ ಚಿತ್ರದ ಮೇಲೆ ಅದೇ ಗೋಡೆಯೆದುರು ನಿಂತ ನಟನ ಚಿತ್ರವನ್ನು ಅರ್ಧರ್ಧ ಪ್ರಕಾಶದಿಂದ ಕೂಡಿಸಿದರಂತೂ ಮೈಯೊಳಗಿಂದ ಕಲ್ಲುಗಳು ಕಾಣುವ ಆಕೃತಿ ಸಿದ್ಧವಾಗುತ್ತದೆ.

ಎರಡನೆಯ ಉಪಾಯಕ್ಕೆ ಕ್ಯಾಮರಾ ಸಹ ಬೇಕಾಗಿಲ್ಲ, ಒಂದು ಗಾಜು ಸಾಕು. ೧೮೬೨ರಲ್ಲಿ ಲಂಡನ್ನಿನ ಜಾನ್ ಹೆನ್ರಿ ಪೆಪ್ಪರ್ ಅವರು ರಂಗದ ಮುಂದೆ ದೊಡ್ಡ ಗಾಜಿನ ಹಾಳೆಯೊಂದನ್ನು ಓರೆಯಾಗಿ ನಿಲ್ಲಿಸಿ, ಪ್ರೇಕ್ಷಕರಿಗೆ ಕಾಣದ ಮರೆಯಲ್ಲಿ ನಟನೊಬ್ಬನ ಮೇಲೆ ಪ್ರಖರವಾದ ಬೆಳಕು ಬಿಟ್ಟರು. ಗಾಜು ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಾಯಗೊಟ್ಟು, ಸರಿಸುಮಾರು ಹತ್ತರಲ್ಲೊಂದು ಪಾಲನ್ನು ಮಾತ್ರ ಪ್ರತಿಫಲಿಸುತ್ತದೆ. ರಂಗ ಕತ್ತಲಾಗಿದ್ದರೆ ಅಷ್ಟೇ ಸಾಕು. ಗಾಜಿನ ಮುಂದೆ ನಟ ಎಷ್ಟು ದೂರದಲ್ಲಿರುವನೋ ಗಾಜಿನ ಹಿಂದೆ ಅಷ್ಟೇ ದೂರದಲ್ಲಿ ಅವನ ಪ್ರತಿಬಿಂಬ ಗಾಳಿಯಲ್ಲಿ ನಿಂತಂತೆ ಕಾಣುತ್ತದೆ. ರಾತ್ರಿ ದೀಪವಿರುವ ಕೋಣೆಯ ಕಿಟಕಿಯನ್ನು ನೋಡಿರಿ: ಹೊರಗಿನ ಕತ್ತಲೆಯಲ್ಲಿ ಒಬ್ಬರು ನಿಂತು ನಿಮ್ಮನ್ನೇ ದಿಟ್ಟಿಸುತ್ತಿರುತ್ತಾರೆ. ದೀಪವನ್ನು ಆರಿಸಿದೊಡನೆ ಅವರು ಮಾಯ!

ಗಾಜೂ ಇಲ್ಲದ ಬಯಲಿನಲ್ಲಿ ದೆವ್ವ ಕಾಣುವುದೆಂತು? ಇಲ್ಲಿ ಯಂತ್ರ ನಮ್ಮ ಕಣ್ಣೇ. ಅಕ್ಷಿಪಟದಲ್ಲಿ ಎರಡು ಬಗೆಯ ಕೋಶಗಳಿವೆ. ಶಂಕುಕೋಶಗಳು ಹಗಲಿನ ಬೆಳಕಿನಲ್ಲಿ ಬಣ್ಣವನ್ನೂ ವಿವರವನ್ನೂ ತಿಳಿಸುತ್ತವೆ. ದಂಡಕೋಶಗಳು ಮಬ್ಬುಬೆಳಕಿನಲ್ಲಿ ಕೆಲಸ ಮಾಡುತ್ತವೆ, ಆದರೆ ಅವಕ್ಕೆ ಬಣ್ಣ ತಿಳಿಯದು. ಹುಣ್ಣಿಮೆಯ ಬೆಳಕು ಬಿಸಿಲಿನ ಸುಮಾರು ನಾಲ್ಕು ಲಕ್ಷದಲ್ಲೊಂದು ಪಾಲು ಮಾತ್ರ. ಅದರಲ್ಲಿ ನಾವು ಬಹುಮಟ್ಟಿಗೆ ದಂಡಕೋಶಗಳಿಂದಲೇ ನೋಡುತ್ತೇವೆ. ಇವು ಕತ್ತಲೆಗೆ ಚೆನ್ನಾಗಿ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಮುಖ್ಯವಾಗಿ, ಅಕ್ಷಿಪಟದ ನಟ್ಟನಡುವೆ ದಂಡಕೋಶಗಳೇ ಇಲ್ಲ. ಆದುದರಿಂದ ಕಡೆಗಣ್ಣಿಗೆ ಬೆಳ್ಳಗೆ ತೋರಿದ ಕಲ್ಲೋ ಪೊದೆಯೋ ತಿರುಗಿ ನೇರವಾಗಿ ನೋಡಿದಾಗ ಕರಗಿಹೋಗುತ್ತದೆ. ‘ಕಂಡಿತು, ನೋಡುವಷ್ಟರಲ್ಲಿ ಇಲ್ಲವಾಯಿತು’ ಎಂದು ಹೇಳುವವನು ಸುಳ್ಳುಗಾರನೇ ಆಗಬೇಕಾಗಿಲ್ಲ. ಆತ ಕಂಡದ್ದು ನಿಜ, ಅದಕ್ಕೆ ಕೊಟ್ಟ ಹೆಸರು ಮಾತ್ರ ತಪ್ಪು.

ಇನ್ನು ‘ನಾಳೆ ಬಾ’ ಕಥೆಯ ದನಿ. ಮುಚ್ಚಿದ ಕದವು ಎಲ್ಲ ಶಬ್ದಗಳನ್ನೂ ಒಂದೇ ಸಮನೆ ತಡೆಯುವುದಿಲ್ಲ. ಕಡಿಮೆ ಆವೃತ್ತಿಯ ಶಬ್ದಗಳು ಸಾಕಷ್ಟು ಒಳಬರುತ್ತವೆ; ಹೆಚ್ಚಿನ ಆವೃತ್ತಿಯವು ಬಹಳ ಕುಗ್ಗುತ್ತವೆ. ಸ, ಶ, ತ, ಕ ಮೊದಲಾದ ವ್ಯಂಜನಗಳನ್ನು ಗುರುತಿಸುವುದು ಬಹುಮಟ್ಟಿಗೆ ಹೆಚ್ಚಿನ ಆವೃತ್ತಿಗಳಿಂದ. ಅವು ಕಳೆದುಹೋದರೆ ಒಳಗಿರುವವನಿಗೆ ಕೇಳುವುದು ಮಾತಿನ ಏರಿಳಿತ ಮಾತ್ರ. ಉಳಿದುದನ್ನು ಅವನ ಮನಸ್ಸು ತುಂಬಿಕೊಳ್ಳುತ್ತದೆ, ತುಂಬುವಾಗ ಪರಿಚಿತ ದನಿಯನ್ನೂ ಪರಿಚಿತ ಹೆಸರನ್ನೂ ಆರಿಸಿಕೊಳ್ಳುವುದು ಸಹಜ. ಭಯದ ಕಥೆಯನ್ನು ಆಗತಾನೆ ಕೇಳಿದವನಾದರೆ ಹೇಳುವುದೇ ಬೇಡ. ಚಿತ್ರ ತೆಗೆಯುವ ವಿದ್ಯಾರ್ಥಿಗೂ ಇದೇ ಹಾದಿ: ಧ್ವನಿಮುದ್ರಣದಿಂದ ಹೆಚ್ಚಿನ ಆವೃತ್ತಿಗಳನ್ನು ಸೋಸಿ ತೆಗೆದರೆ ಅವನ ಗೆಳೆಯನ ಸಾಮಾನ್ಯ ಕೂಗೇ ಕದದಾಚೆಯ ಕರೆಯಾಗುತ್ತದೆ.

ಇದೆಲ್ಲ ಬರಿಯ ವಿನೋದವೆಂದು ತಿಳಿಯಬಾರದು. ತೆರೆಯ ಮೇಲಿನ ದೆವ್ವದಿಂದ ಯಾರಿಗೂ ಪೆಟ್ಟಾಗುವುದಿಲ್ಲ. ಆದರೆ ‘ದೆವ್ವ ಹಿಡಿದಿದೆ’ ಎಂಬ ಮಾತಿನಿಂದ ಕಾಯಿಲೆಯ ಹುಡುಗಿಗೆ ವೈದ್ಯರ ಬದಲು ಬೆತ್ತದ ಏಟು ದೊರೆತೀತು. ದೆವ್ವ ಬಿಡಿಸುವ ನೆಪದಲ್ಲಿ ಮನುಷ್ಯರನ್ನು ಕಟ್ಟಿಹಾಕಿ ಹೊಡೆಯುವುದನ್ನು ಅಪರಾಧವೆಂದು ಸಾರುವ ಕಾಯಿದೆಯನ್ನು ಕರ್ನಾಟಕವು ೨೦೧೭ರಲ್ಲಿ ಮಾಡಬೇಕಾಗಿ ಬಂದಿತೆಂಬುದನ್ನು ನೆನೆದರೆ ಈ ಭಯದ ಬೆಲೆ ಎಷ್ಟೆಂದು ತಿಳಿಯುತ್ತದೆ.

ಆದುದರಿಂದ ದೆವ್ವದ ಕಥೆಗಳನ್ನು ಬಿಟ್ಟುಬಿಡಿರೆಂದು ನಾವು ಹೇಳುವುದಿಲ್ಲ. ಅವು ನಮ್ಮ ಜನರ ಕಲ್ಪನೆಯ ಸಂಪತ್ತು. ಧಾರಾಳವಾಗಿ ಚಿತ್ರ ತೆಗೆಯಿರಿ. ತೆಗೆದ ಮೇಲೆ ಊರಿನವರೆದುರಿಗೆ ಒಮ್ಮೆ ಚಿತ್ರವನ್ನೂ, ಆ ಬಳಿಕ ಅದನ್ನು ಮಾಡಿದ ಬಗೆಯನ್ನೂ ತೋರಿಸಿರಿ. ಮುಂದೆ ಯಾರಾದರೂ ‘ದೆವ್ವ ಕಂಡೆ’ ಎಂದರೆ ನಗದೆ ಮೂರು ಪ್ರಶ್ನೆ ಕೇಳಿರಿ: ಬೆಳಕು ಎಲ್ಲಿತ್ತು? ನಡುವೆ ಏನಿತ್ತು? ಕಾಣುವ ಮೊದಲು ಯಾವ ಮಾತು ಕೇಳಿದ್ದಿರಿ? ಉತ್ತರ ಹುಡುಕಲು ಅವರೊಡನೆ ಅದೇ ಸ್ಥಳಕ್ಕೆ ದೀಪ ಹಿಡಿದು ಹೋಗಿಬನ್ನಿರಿ.